ನಿಮಗಿದು ಗೊತ್ತೇ? ಲಾಕ್‌ಡೌನ್ ದಿನಗಳ ವಿಶೇಷ ಮಕ್ಕಳು

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ಹನ್ನೆರಡಕ್ಕೆ ಲಾಕ್‌ಡೌನ್ ಜಾರಿ. ಇಡೀ ದೇಶಕ್ಕೆ ಸಿಕ್ಕಿದ್ದು ನಾಲ್ಕೇ ಗಂಟೆ. ನಾಳೆಯಿಂದ ಸ್ಕೂಲ್ ವ್ಯಾನ್ ಬರುವುದಿಲ್ಲ ಎಂದು ಆಟಿಸಂ ಇರುವ ಮಗುವಿಗೆ ಅರ್ಥ ಮಾಡಿಸಲು ಕೆಲವೊಮ್ಮೆ ನಾಲ್ಕು ವಾರವೂ ಸಾಲದು.

ಯಾಕೆ ಗೊತ್ತೇ? 1943ರಲ್ಲಿ 11 ಮಕ್ಕಳನ್ನು ಗಮನಿಸಿ ಮನೋವೈದ್ಯ ಲಿಯೊ ಕ್ಯಾನರ್ ಬರೆದ ಪ್ರಸಿದ್ಧ ಪ್ರಬಂಧದಲ್ಲೇ ಈ ಲಕ್ಷಣ ದಾಖಲಾಗಿದೆ: ಎಲ್ಲವೂ ನಿನ್ನೆ ಇದ್ದಂತೆಯೇ ಇರಬೇಕು. ಅದೇ ದಾರಿ, ಅದೇ ತಟ್ಟೆ, ಅದೇ ಹೊತ್ತಿಗೆ ಪಾರ್ಕು. ಮುಂದೇನು ಎಂಬುದು ಗೊತ್ತಿದ್ದರಷ್ಟೇ ಆ ಮಗುವಿಗೆ ನೆಮ್ಮದಿ.

ಬೇರೆ ದೇಶಗಳಲ್ಲೂ ಇಂಥ ಮಕ್ಕಳಿಗೆ ಇದೇ ಕಷ್ಟ. ಸ್ಪೇನ್‌ನಲ್ಲಿ 14 ವರ್ಷದೊಳಗಿನ ಮಕ್ಕಳು ಏಪ್ರಿಲ್ 26ರವರೆಗೆ ಆಟವಾಡಲು ಹೊಸ್ತಿಲು ದಾಟುವಂತಿರಲಿಲ್ಲ. ಆಟಿಸಂ ಇರುವವರಿಗೆ ಮಾರ್ಚ್‌ನಲ್ಲೇ ವಿನಾಯಿತಿ ಸಿಕ್ಕಿತ್ತು. ಆದರೂ ಮಗನ ಕೈಹಿಡಿದು ಬೀದಿಗಿಳಿದ ಅಮ್ಮಂದಿರಿಗೆ ಬಾಲ್ಕನಿಗಳಿಂದ ಬೈಗುಳ ಬಿತ್ತು. ಬೈಗುಳ ತಪ್ಪಿಸಲು ಕೆಲವರು ತೋಳಿಗೆ ನೀಲಿ ಪಟ್ಟಿ ಕಟ್ಟಿಕೊಂಡು ಹೊರಟರು. ನಮ್ಮ ಮಕ್ಕಳಿಗೇಕೆ ಈ ಗುರುತು ಎಂದು ಇನ್ನು ಕೆಲವು ಪೋಷಕರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದೇ. ಫ್ರಾನ್ಸ್ ಏಪ್ರಿಲ್ 2ರಂದು ಆಟಿಸಂ ಇರುವವರಿಗೆ ನಿಯಮ ಸಡಿಲಿಸಿತು. ಬ್ರಿಟನ್ನೂ ಅದೇ ತಿಂಗಳು ಸಡಿಲಿಸಿತು, ಅದೂ ಎರಡು ಕುಟುಂಬಗಳು ಕಾನೂನಿನ ಮೊರೆ ಹೋದ ಮೇಲೆ.

ಒಂದು ಮಗುವಿಗಾಗಿ ರೈಲು ನಿಂತದ್ದೂ ಉಂಟು. ಮುಂಬೈಯಲ್ಲಿ ಆಟಿಸಂ ಜೊತೆಗೆ ಆಹಾರದ ತೀವ್ರ ಅಲರ್ಜಿಯೂ ಇದ್ದ ಮೂರೂವರೆ ವರ್ಷದ ಹುಡುಗ. ಅವನಿಗೆ ಒಗ್ಗುತ್ತಿದ್ದುದು ಒಂಟೆಹಾಲು, ಅದು ಬರಬೇಕಾದದ್ದು ರಾಜಸ್ಥಾನದಿಂದ. ತಾಯಿ ಟ್ವಿಟರ್‌ನಲ್ಲಿ ಕಷ್ಟ ಹೇಳಿಕೊಂಡರು. ಲೂಧಿಯಾನದಿಂದ ಬಾಂದ್ರಾಕ್ಕೆ ಹೊರಟಿದ್ದ ಪಾರ್ಸೆಲ್ ರೈಲನ್ನು, ಅದು ನಿಲ್ಲಬೇಕಿಲ್ಲದ ಫಾಲ್ನಾದಲ್ಲಿ ನಿಲ್ಲಿಸಿ, 20 ಲೀಟರ್ ಹಾಲು ಹೇರಿಸಲಾಯಿತು. (ಒಂಟೆಹಾಲು ಆಟಿಸಂಗೆ ಮದ್ದಲ್ಲ, ಅಲರ್ಜಿಯ ಕಾರಣಕ್ಕೆ ಅದು ಬೇಕಿತ್ತು.) ಟ್ವಿಟರ್ ಗೊತ್ತಿಲ್ಲದ ತಾಯಂದಿರ ಕಷ್ಟ ಯಾರ ಕಿವಿಗೆ ಬಿತ್ತೋ?

ಗಮನ ನಿಲ್ಲದ, ಚಡಪಡಿಕೆ ಹೆಚ್ಚಿರುವ ಎಡಿಎಚ್‌ಡಿ ಮಕ್ಕಳಿಗೆ ಕೊಡುವ ಮೀಥೈಲ್‌ಫೆನಿಡೇಟ್ ನಮ್ಮಲ್ಲಿ ಶೆಡ್ಯೂಲ್ ಎಕ್ಸ್, ಅಂದರೆ ಬಿಗಿ ನಿಯಂತ್ರಣದ ಔಷಧಿ. ಫೋನ್, ವಿಡಿಯೊದಲ್ಲೇ ರೋಗಿಯನ್ನು ನೋಡಿ ಔಷಧಿ ಬರೆಯಲು 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ದಾರಿ ಮಾಡಿಕೊಟ್ಟಿತು, ಆದರೆ ಶೆಡ್ಯೂಲ್ ಎಕ್ಸ್ ಅನ್ನು ಹೊರಗಿಟ್ಟಿತು. ಡಾಕ್ಟರು ಪರದೆಯ ಮೇಲೆ ಸಿಕ್ಕರೂ ಚೀಟಿ ಸಿಗದು. ದುರುಪಯೋಗದ ಭಯ ಸುಳ್ಳಲ್ಲ. ಆದರೂ ಬಸ್ಸೇ ಇಲ್ಲದ ಊರಿನ ಮಗುವಿಗೆ ಒಂದು ದಾರಿ ಬೇಕಿತ್ತು.

ಎಲ್ಲರಿಗೂ ಕೆಟ್ಟದ್ದೇ ಆಯಿತೆ? ಇಲ್ಲ. ಫ್ರಾನ್ಸ್‌ನಲ್ಲಿ ಎಡಿಎಚ್‌ಡಿ ಮಕ್ಕಳ 538 ಪೋಷಕರನ್ನು ಕೇಳಿದಾಗ ಸುಮಾರು ಮೂರನೇ ಒಂದು ಭಾಗ ಹದಗೆಟ್ಟಿದೆ ಎಂದರು, ಅಷ್ಟೇ ಜನ ಬದಲಾವಣೆ ಇಲ್ಲ ಎಂದರು, ಉಳಿದವರು ಸುಧಾರಿಸಿದೆ ಎಂದರು! ಶಾಲೆಯ ಒತ್ತಡ ತಪ್ಪಿದ್ದೇ ಕೆಲವರಿಗೆ ಹಗುರವಾಯಿತು. ಹಾಗಾದರೆ ನಮ್ಮ ತರಗತಿಗಳು ಈ ಮಕ್ಕಳ ಮೇಲೆ ದಿನವೂ ಎಷ್ಟು ಭಾರ ಹೇರುತ್ತವೆ ಎಂಬುದನ್ನು ಶಿಕ್ಷಕರು ಗಂಭೀರವಾಗಿ ಯೋಚಿಸಬೇಕು.

ಜ್ವರದ ಫಿಟ್ಸ್ ಕೂಡ ಹಲವೆಡೆ ಇಳಿಯಿತು. ಶಾಲೆ, ಅಂಗನವಾಡಿ ಮುಚ್ಚಿದ್ದರಿಂದ ನೆಗಡಿ-ಜ್ವರ ಹರಡುವುದು ಕಡಿಮೆಯಾಯಿತು. ಇಂಥದ್ದೇ ಸೋಂಕಿನ ಬೆನ್ನಲ್ಲೇ ಬಂದು ಅಮೆರಿಕದಲ್ಲಿ ವರ್ಷ ಬಿಟ್ಟು ವರ್ಷ ಮಕ್ಕಳ ಕೈಕಾಲಿನ ಬಲ ಕಸಿಯುತ್ತಿದ್ದ ಎಎಫ್‌ಎಂ ಎಂಬ ಬೆನ್ನುಹುರಿಯ ಕಾಯಿಲೆ 2018ರಲ್ಲಿ 238 ಮಂದಿಗೆ ಬಂದಿತ್ತು. 2020ರಲ್ಲಿ ಮೂವತ್ತರ ಆಸುಪಾಸಿಗೆ ಇಳಿಯಿತು.

ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ಮಾತ್ರ ಅಂಥ ರಿಯಾಯಿತಿ ಇರಲಿಲ್ಲ. ಫಿಸಿಯೊಥೆರಪಿ ನಿಂತರೆ ಸ್ನಾಯು ಬಿಗಿಯುತ್ತದೆ, ಕೀಲು ಮಡಚಿಕೊಳ್ಳುತ್ತದೆ. ಬಿಗಿದ ಸ್ನಾಯು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದಿನ ಪರಿಣಾಮ ಇರುವುದೇ ಕೆಲವು ತಿಂಗಳು.

ಇನ್ನೊಂದು ಲೆಕ್ಕ ಇನ್ನೂ ಮುಗಿದಿಲ್ಲ. 2020ರಲ್ಲಿ ಜಗತ್ತಿನ 2.2 ಕೋಟಿಗೂ ಹೆಚ್ಚು ಶಿಶುಗಳಿಗೆ ದಡಾರ ಲಸಿಕೆಯ ಮೊದಲ ಡೋಸ್ ತಪ್ಪಿತು, ಹಿಂದಿನ ವರ್ಷಕ್ಕಿಂತ 30 ಲಕ್ಷ ಹೆಚ್ಚು. ದಡಾರ ಬಂದುಹೋದ ಕೆಲವು ಮಕ್ಕಳಲ್ಲಿ ವೈರಸ್ ಮಿದುಳಿನಲ್ಲೇ ಉಳಿದು, ಆರರಿಂದ ಹತ್ತು ವರ್ಷದ ನಂತರ ಎಸ್‌ಎಸ್‌ಪಿಇ ಆಗಿ ಕಾಣಿಸಿಕೊಳ್ಳುತ್ತದೆ. ಓದಿನಲ್ಲಿ ಹಿಂದೆ ಬೀಳುವುದು, ಮೈ ಬೆಚ್ಚಿಬಿದ್ದಂತೆ ಜರ್ಕ್ ಹೊಡೆಯುವುದು, ಕ್ರಮೇಣ ಹಾಸಿಗೆ ಹಿಡಿಯುವುದು. ಪೂರ್ತಿ ಗುಣಪಡಿಸುವ ಔಷಧಿ ಇಲ್ಲ, ತಡೆಯಲು ಲಸಿಕೆ ಇದೆ. ನಿಮ್ಮ ಮನೆಯ ತಾಯಿ ಕಾರ್ಡ್‌ನಲ್ಲಿ 2020-21ರ ದಡಾರ ಲಸಿಕೆಯ ಸಾಲು ಖಾಲಿಯಿದ್ದರೆ ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.