ಎಲ್ಲವೂ ಜೆಸಿಬಿ ಅಲ್ಲ ಗುರೂ! ಮರ ಕಡಿಯೋ ಯಂತ್ರಗಳನ್ನು ಗುರುತಿಸೋದು ಹೇಗೆ?

ಹಾಸ್ಟೆಲ್‌ನಲ್ಲಿ ಒಂದು ರಾತ್ರಿ ಊಟ ಮುಗಿಸಿ ನಾವು ನಾಲ್ಕು ಜನ ಒಂದೇ ಫೋನ್ ಹಿಡ್ಕೊಂಡು ರೀಲ್ಸ್ ನೋಡ್ತಾ ಕೂತಿದ್ವಿ. ಒಂದು ವಿಡಿಯೋ ಬಂತು. ಹಿಮ ಬಿದ್ದ ಕಾಡು, ಎಂಟು ಚಕ್ರದ ಒಂದು ಗಾಡಿ. ಅದರ ಉದ್ದನೆಯ ಕೈ ಹೋಗಿ ಮರದ ಬುಡ ಹಿಡಿಯಿತು, ಕೊಯ್ಯಿತು, ಮಲಗಿಸಿತು, ಕೊಂಬೆಗಳನ್ನೆಲ್ಲ ಸವರಿ, ತುಂಡು ಮಾಡಿ ಪಕ್ಕಕ್ಕೆ ಇಟ್ಟಿತು. ಒಂದು ನಿಮಿಷ ಕೂಡ ಆಗಲಿಲ್ಲ. "ಏನ್ ಜೆಸಿಬಿ ಗುರೂ ಇದು!" ಅಂದ ನಮ್ಮಲ್ಲೊಬ್ಬ.

ನಮ್ಮ ಕಡೆ ಹಾಗೇ ತಾನೇ? ಚಕ್ರ ಇದ್ರೆ ಜೆಸಿಬಿ, ಚೈನ್ ಇದ್ರೆ ಹಿಟಾಚಿ. ಅಲ್ಲಿಗೆ ನಮ್ಮ ಜ್ಞಾನ ಮುಗೀತು.

ನಮ್ಮ ರೂಮ್‌ಮೇಟ್ ಒಬ್ಬ ಮಲೆನಾಡಿನವನು. ರಜೆಗೆ ಊರಿಗೆ ಹೋದಾಗ ಆ ವಿಡಿಯೋವನ್ನು ಅಜ್ಜನಿಗೆ ತೋರಿಸಿದ. ಅಜ್ಜ ಪ್ರಾಯದಲ್ಲಿ ನಾಟಾ ಕೆಲಸ ಮಾಡಿದವರು. ಇಬ್ಬರು ಎಳೆಯೋ ಗರಗಸದಲ್ಲಿ ಮರ ಕೊಯ್ದವರು, ಆನೆ ದಿಮ್ಮಿ ಎಳೆಯುವಾಗ ಜೊತೆಯಲ್ಲಿ ನಡೆದವರು. ಒಂದು ಸಲ ಉರುಳಿ ಬಂದ ದಿಮ್ಮಿಗೆ ಸಿಕ್ಕಿದ ಅವರ ಎಡಗಾಲು ಇವತ್ತಿಗೂ ಸರಿಯಾಗಿ ಮಡಚಲ್ಲ. ವಿಡಿಯೋವನ್ನು ಎರಡು ಸಲ ನೋಡಿ ಅವರು ಕೇಳಿದ್ದು ಒಂದೇ: "ಮನುಷ್ಯ ಎಲ್ಲಿದ್ದಾನೆ ಮಾರಾಯ ಇದ್ರಲ್ಲಿ?"

ನಾವು ಈ ಯಂತ್ರಗಳ ಬಗ್ಗೆ ಓದೋಕೆ ಶುರು ಮಾಡಿದ್ದು ಆ ಪ್ರಶ್ನೆಯಿಂದ. ಓದಿದ ಮೇಲೆ ಅನಿಸಿದ್ದು, ಯಂತ್ರ ಗುರುತಿಸೋಕೂ ಅದೇ ಒಳ್ಳೆಯ ದಾರಿ ಅಂತ.

ಮೊದಲು ಮೂರು ಪ್ರಶ್ನೆ

ಬಣ್ಣ ನೋಡಬೇಡಿ, ಕಂಪನಿ ಹೆಸರು ನೋಡಬೇಡಿ. ಈ ಮೂರನ್ನು ಕೇಳಿಕೊಳ್ಳಿ:

1. ಕೈಯ ತುದಿಯಲ್ಲಿ ಏನಿದೆ? ಗರಗಸವೋ, ಬರೀ ಹಿಡಿಕೆಯೋ?
2. ಬೆನ್ನ ಮೇಲೆ ಏನಿದೆ? ದಿಮ್ಮಿ ತುಂಬೋ ಜಾಗ ಇದೆಯೋ, ಖಾಲಿಯೋ?
3. ಮರ ಹೇಗೆ ಹೋಗ್ತಿದೆ? ನೆಲಕ್ಕೆ ಉಜ್ಜಿಕೊಂಡೋ, ಗಾಡಿ ಮೇಲೋ, ಗಾಳಿಯಲ್ಲೋ?

ಇನ್ನೊಂದು ವಿಷಯ ಗೊತ್ತಿರಬೇಕು. ಜಗತ್ತಿನಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಎರಡು ಪದ್ಧತಿ ಇದೆ. ಫಿನ್‌ಲ್ಯಾಂಡ್, ಸ್ವೀಡನ್ ಕಡೆ ಮರವನ್ನು ಬಿದ್ದ ಜಾಗದಲ್ಲೇ ಬೇಕಾದ ಅಳತೆಗೆ ತುಂಡು ಮಾಡ್ತಾರೆ. ಅಮೆರಿಕ, ಕೆನಡಾದ ಬಹಳಷ್ಟು ಕಡೆ ಇಡೀ ಮರವನ್ನು ರಸ್ತೆ ಬದಿಗೆ ಎಳೆದು ತಂದು, ಅಲ್ಲಿ ಕೊಂಬೆ ಸವರ್ತಾರೆ. ಮೊದಲ ಪದ್ಧತಿಗೆ ಎರಡೇ ಯಂತ್ರ ಸಾಕು. ಎರಡನೆಯದಕ್ಕೆ ಮೂರು ನಾಲ್ಕು ಬೇಕು.

ಹಾರ್ವೆಸ್ಟರ್: ನಮ್ಮ ರೀಲ್ಸ್‌ನ ಹೀರೋ

ಗುರುತು: ಆರು ಅಥವಾ ಎಂಟು ದೊಡ್ಡ ಚಕ್ರ, ಸುಮಾರು 10 ಮೀಟರ್ ಚಾಚೋ ಕೈ, ತುದಿಯಲ್ಲಿ ನೇತಾಡೋ ದೊಡ್ಡ ತಲೆ. ಬೆನ್ನ ಮೇಲೆ ದಿಮ್ಮಿ ತುಂಬೋ ಜಾಗ ಇರಲ್ಲ.

ಇದರ ಜಾಣತನ ಎಲ್ಲ ಆ ತಲೆಯಲ್ಲೇ ಇದೆ. ಅದರೊಳಗೆ ಹೈಡ್ರಾಲಿಕ್ ಮೋಟಾರ್‌ನಿಂದ ಓಡೋ ಚೈನ್ ಗರಗಸ, ಕಾಂಡವನ್ನು ಎಳೆಯೋ ಮುಳ್ಳಿನ ರೋಲರ್‌ಗಳು, ಕಾಂಡವನ್ನು ಅಪ್ಪಿಕೊಳ್ಳೋ ಬಾಗಿದ ಚಾಕುಗಳು ಇರುತ್ತೆ. ಮರ ಬಿದ್ದ ತಕ್ಷಣ ರೋಲರ್‌ಗಳು ಕಾಂಡವನ್ನು ಸೆಕೆಂಡಿಗೆ 4–5 ಮೀಟರ್ ವೇಗದಲ್ಲಿ ಎಳೆಯುತ್ತವೆ. ಕಬ್ಬಿನ ಗರಿ ಸವರಿದ ಹಾಗೆ ಕೊಂಬೆಗಳು ಉದುರಿ ಹೋಗುತ್ತವೆ. ಒಂದು ಸಣ್ಣ ಹಲ್ಲಿನ ಚಕ್ರ ಕಾಂಡದ ಮೇಲೆ ಉರುಳ್ತಾ ಉದ್ದ ಅಳೆಯುತ್ತೆ. ಚಾಕುಗಳು ಎಷ್ಟು ತೆರೆದುಕೊಂಡಿವೆ ಅನ್ನೋದರಿಂದ ದಪ್ಪ ಗೊತ್ತಾಗುತ್ತೆ.

ಕಂಪ್ಯೂಟರ್ ಸೈನ್ಸ್ ಗೆಳೆಯರೇ, ಈಗ ನಿಮ್ಮ ಸರದಿ. ಒಂದು ಮರವನ್ನು ಎಲ್ಲೆಲ್ಲಿ ತುಂಡು ಮಾಡಿದರೆ ಹೆಚ್ಚು ದುಡ್ಡು ಬರುತ್ತೆ? ಹಲಗೆಗೆ ಹೋಗೋ ದಪ್ಪ ದಿಮ್ಮಿಗೆ ಒಂದು ಬೆಲೆ, ಪೇಪರ್ ಮಿಲ್ಲಿಗೆ ಹೋಗೋ ಸಣ್ಣ ತುಂಡಿಗೆ ಇನ್ನೊಂದು ಬೆಲೆ. ಅಲ್ಗಾರಿದಮ್ ಕ್ಲಾಸಲ್ಲಿ ಡೈನಾಮಿಕ್ ಪ್ರೋಗ್ರಾಮಿಂಗ್ ಅಂತ ಬರೋ ರಾಡ್ ಕಟಿಂಗ್ ಲೆಕ್ಕ ಇದೇ! "ಇದೆಲ್ಲ ಯಾವ ಕೆಲಸಕ್ಕೆ ಬರುತ್ತೆ" ಅಂತ ಬೈಕೊಂಡು ಕಲಿಯೋ ಆ ಲೆಕ್ಕವನ್ನು ಹಾರ್ವೆಸ್ಟರ್‌ನ ಕಂಪ್ಯೂಟರ್ ಕಾಡಿನಲ್ಲಿ ನಿಂತು ಮರ ಮರಕ್ಕೂ ಮಾಡುತ್ತೆ.

ಫಾರ್ವರ್ಡರ್: ಹೊತ್ತು ತರೋ ಆನೆ

ಗುರುತು: ಹಾರ್ವೆಸ್ಟರ್‌ನ ಅಣ್ಣನ ಹಾಗೆ ಕಾಣುತ್ತೆ. ಆದರೆ ಹಿಂದೆ ಎರಡೂ ಕಡೆ ಗೂಟ ನೆಟ್ಟ ಉದ್ದನೆಯ ತೊಟ್ಟಿಲು ಇರುತ್ತೆ. ಕೈ ತುದಿಯಲ್ಲಿ ಗರಗಸ ಇಲ್ಲ, ಬರೀ ಹಿಡಿಕೆ.

ಹಾರ್ವೆಸ್ಟರ್ ಬಿಟ್ಟು ಹೋದ ತುಂಡುಗಳನ್ನು ಆರಿಸಿ, ಬೆನ್ನ ಮೇಲೆ ತುಂಬಿಕೊಂಡು ರಸ್ತೆಗೆ ತಂದು ಹಾಕೋದು ಇದರ ಕೆಲಸ. ಫಿನ್‌ಲ್ಯಾಂಡ್‌ನ ವಿಯರೆಮಾ ಅನ್ನೋ ಊರಲ್ಲಿ 1970ರಲ್ಲಿ ಶುರುವಾದ ಪೊನ್ಸೆ ಕಂಪನಿ ತನ್ನ ಯಂತ್ರಗಳಿಗೆ ಪ್ರಾಣಿಗಳ ಹೆಸರು ಇಡುತ್ತೆ. ಚೇಳು, ಕರಡಿ, ಕಾಡೆಮ್ಮೆ ಎಲ್ಲ ಇದೆ. ಅದರ ದೊಡ್ಡ ಫಾರ್ವರ್ಡರ್ ಒಂದರ ಹೆಸರು ಎಲಿಫೆಂಟ್, ಅಂದ್ರೆ ಆನೆಯೇ! ಒಂದು ಸಲಕ್ಕೆ 18 ಟನ್ ಹೊರುತ್ತೆ. ನಮ್ಮ ಕೊಡಗಿನ ದುಬಾರೆಯ ಆನೆಗಳೂ ಒಂದು ಕಾಲದಲ್ಲಿ ಮಾಡ್ತಿದ್ದದ್ದು ನಾಟಾ ಸಾಗಿಸೋ ಕೆಲಸವೇ.

ಇಷ್ಟು ಭಾರ ಹೊತ್ತು ಹೋದರೆ ಕಾಡಿನ ಮಣ್ಣು ಅಮುಕಿ ಹೋಗಲ್ವಾ? ಹೋಗುತ್ತೆ. ಅದಕ್ಕೇ ಹಾರ್ವೆಸ್ಟರ್ ತಾನು ಸವರಿದ ಕೊಂಬೆಗಳನ್ನು ದಾರಿ ಮೇಲೆ ಹಾಸಿಕೊಂಡು ಹೋಗುತ್ತೆ. ಹಿಂದೆ ಬರೋ ಫಾರ್ವರ್ಡರ್ ಆ ಹಾಸಿಗೆ ಮೇಲೆ ಓಡಾಡುತ್ತೆ. ಪ್ರೆಷರ್ ಅಂದ್ರೆ ಫೋರ್ಸ್ ಭಾಗಿಸು ಏರಿಯಾ. ಹೈಸ್ಕೂಲಲ್ಲಿ ಓದಿದ್ದೇ.

ಫೆಲ್ಲರ್ ಬಂಚರ್: ಕಟ್ಟು ಕಟ್ಟೋದು

ಈಗ ಅಟ್ಲಾಂಟಿಕ್ ದಾಟಿ ಅಮೆರಿಕ, ಕೆನಡಾ ಪದ್ಧತಿಗೆ ಬರೋಣ.

ಗುರುತು: ಮುಂದುಗಡೆ ನೆಲಕ್ಕೆ ಹತ್ತಿರ, ತಟ್ಟೆ ಹಾಗೆ ತಿರುಗೋ ದೊಡ್ಡ ಗರಗಸ. ಅದರ ಮೇಲೆ ಮರ ಅಪ್ಪಿಕೊಳ್ಳೋ ಉಕ್ಕಿನ ತೋಳುಗಳು. ಚಕ್ರದ್ದೂ ಇರುತ್ತೆ, ನಮ್ಮ ಹಿಟಾಚಿ ಹಾಗೆ ಚೈನ್ ಇರೋದೂ ಇರುತ್ತೆ.

ಇದು ಮರ ಕೊಯ್ದು ಕೆಳಗೆ ಬೀಳಿಸಲ್ಲ. ನಿಂತ ಹಾಗೇ ತೋಳಲ್ಲಿ ಹಿಡ್ಕೊಂಡು ಪಕ್ಕದ ಮರಕ್ಕೆ ಹೋಗುತ್ತೆ, ಅದನ್ನೂ ಕೊಯ್ಯುತ್ತೆ. ತೋಳು ತುಂಬಿದಾಗ ಎಲ್ಲವನ್ನೂ ಒಟ್ಟಿಗೆ ಕಟ್ಟಿನ ಹಾಗೆ ಮಲಗಿಸುತ್ತೆ. ಭತ್ತದ ಕುಯ್ಲಲ್ಲಿ ಕೈಲಿ ಹಿಡಿ ತುಂಬೋವರೆಗೂ ಕೊಯ್ದು ಆಮೇಲೆ ಇಡ್ತಾರಲ್ಲ, ಹಾಗೆ. ಆ ಭಾರವಾದ ತಟ್ಟೆ ಗರಗಸ ಒಂದು ಫ್ಲೈವೀಲ್ ಕೂಡ ಹೌದು. ಸುಮ್ಮನೆ ತಿರುಗುವಾಗ ಶಕ್ತಿ ಕೂಡಿಟ್ಟುಕೊಂಡು, ಮರಕ್ಕೆ ತಾಗಿದ ಕ್ಷಣದಲ್ಲಿ ಖರ್ಚು ಮಾಡುತ್ತೆ.

ಸ್ಕಿಡ್ಡರ್: ಎಳೆಯೋ ಗಾಡಿ

ಗುರುತು: ನಾಲ್ಕು ಭಾರೀ ಟೈರ್, ಮುಂದೆ ಬುಲ್ಡೋಜರ್ ತರ ಹಲಗೆ, ಹಿಂದೆ ದೊಡ್ಡ ಇಕ್ಕಳ. ಹಳೇ ಮಾದರಿಯಲ್ಲಿ ಇಕ್ಕಳದ ಬದಲು ವಿಂಚ್ ಮತ್ತು ಉಕ್ಕಿನ ಹಗ್ಗ.

ಕಟ್ಟಿನ ಒಂದು ತುದಿಯನ್ನು ಇಕ್ಕಳದಿಂದ ಎತ್ತಿ ಹಿಡಿದು, ಇನ್ನೊಂದು ತುದಿಯನ್ನು ನೆಲದ ಮೇಲೆ ಎಳ್ಕೊಂಡು ಹೋಗುತ್ತೆ. ಒಂದು ತುದಿ ಎತ್ತೋದು ಯಾಕೆ? ನೆಲದ ಮೇಲಿನ ಭಾರ ಕಡಿಮೆಯಾದರೆ ಘರ್ಷಣೆಯೂ ಕಡಿಮೆ. ಆದರೂ ಎಳೆದ ದಾರಿಯಲ್ಲಿ ಮಣ್ಣು ಕಿತ್ತು ಬರುತ್ತೆ, ದಿಮ್ಮಿಗೆ ಮಣ್ಣು ಮೆತ್ತಿಕೊಂಡು ಮಿಲ್ಲಿನ ಗರಗಸ ಬೇಗ ಮೊಂಡಾಗುತ್ತೆ. ಫಾರ್ವರ್ಡರ್‌ಗೂ ಇದಕ್ಕೂ ಇರೋ ವ್ಯತ್ಯಾಸ ಒಂದೇ ಸಾಲಲ್ಲಿ: ಅದು ಹೊರುತ್ತೆ, ಇದು ಎಳೆಯುತ್ತೆ.

ರಸ್ತೆ ಬದಿಗೆ ಬಂದ ಮೇಲೆ ಡಿಲಿಂಬರ್ ಅಥವಾ ಪ್ರೊಸೆಸರ್ ಕೊಂಬೆ ಸವರುತ್ತೆ. ಇದು ನೋಡೋಕೆ ಹಿಟಾಚಿಗೆ ಬಕೆಟ್ ಬದಲು ಹಾರ್ವೆಸ್ಟರ್ ತಲೆ ಸಿಕ್ಕಿಸಿದ ಹಾಗೆ ಇರುತ್ತೆ. ಅದೇ ತಲೆ ಕಾಡಿನೊಳಗೆ ನಿಂತ ಮರ ಕಡೀತಿದ್ರೆ ಹಾರ್ವೆಸ್ಟರ್, ರಸ್ತೆ ಬದಿ ನಿಂತು ಬಿದ್ದ ಮರ ಸವರ್ತಿದ್ರೆ ಪ್ರೊಸೆಸರ್. ಆಮೇಲೆ ಲೋಡರ್ ಲಾರಿಗೆ ತುಂಬುತ್ತೆ.

ಯಾರ್ಡರ್: ಗಾಳಿಯಲ್ಲಿ ತೇಲೋ ದಿಮ್ಮಿ

ಗುರುತು: ಎತ್ತರದ ಕಂಬ, ಅದನ್ನು ಹಿಂದಕ್ಕೆ ಬಿಗಿದ ಹಗ್ಗಗಳು, ಕಣಿವೆಯ ಆಚೆಗೆ ಹೋಗೋ ಉಕ್ಕಿನ ತಂತಿ. ಮೊದಲ ಸಲ ನೋಡಿದಾಗ ನಾವು ರೋಪ್‌ವೇ ಅಂದ್ಕೊಂಡ್ವಿ. ಪೂರ್ತಿ ತಪ್ಪೇನಲ್ಲ.

ಚಕ್ರದ ಗಾಡಿ ಇಳಿಯಲಾರದ ಕಡಿದಾದ ಇಳಿಜಾರಿಗೆ ಇದು ಬೇಕು. ಆಲ್ಪ್ಸ್ ಬೆಟ್ಟಗಳಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಳಸ್ತಾರೆ. ತಂತಿ ಮೇಲೆ ಓಡೋ ಒಂದು ಡಬ್ಬಿಯಿಂದ ದಿಮ್ಮಿ ನೇತಾಡ್ತಾ ಮೇಲೆ ಬರುತ್ತೆ. ಇದರ ಮುತ್ತಜ್ಜ ಸ್ಟೀಮ್ ಡಾಂಕಿ, ಅಂದ್ರೆ ಹಬೆಯಿಂದ ಓಡೋ ವಿಂಚ್. ಕ್ಯಾಲಿಫೋರ್ನಿಯಾದ ಜಾನ್ ಡಾಲ್ಬಿಯರ್ 1882ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಸರಿ, ಮನುಷ್ಯ ಎಲ್ಲಿದ್ದಾನೆ?

ಈಗ ಅಜ್ಜನ ಪ್ರಶ್ನೆಗೆ ಬರೋಣ.

ಅಮೆರಿಕದ ಸರ್ಕಾರಿ ಅಂಕಿಅಂಶಗಳಲ್ಲಿ ಕೆಲಸದ ಮೇಲೆ ಸಾಯೋ ಅಪಾಯ ಅತಿ ಹೆಚ್ಚಿರೋ ವೃತ್ತಿಗಳ ಪಟ್ಟಿ ತೆಗೆದರೆ, ಮರ ಕಡಿಯೋ ಕೆಲಸ ವರ್ಷ ವರ್ಷವೂ ಮೊದಲ ಸ್ಥಾನಗಳಲ್ಲೇ ಇರುತ್ತೆ. ಕೈ ಗರಗಸ ಹಿಡಿದವನು ಮರದ ಬುಡದಲ್ಲೇ ನಿಂತಿರ್ತಾನೆ. ಮರ ಯಾವ ಕಡೆ ತಿರುಗಿದರೂ ಅವನೇ ಹತ್ತಿರ.

2005ರ ಜನವರಿಯಲ್ಲಿ ದಕ್ಷಿಣ ಸ್ವೀಡನ್‌ಗೆ ಗುಡ್ರುನ್ ಅನ್ನೋ ಬಿರುಗಾಳಿ ಬಂತು. ಸುಮಾರು 7.5 ಕೋಟಿ ಘನ ಮೀಟರ್ ಮರ ನೆಲಕ್ಕೆ ಬಿತ್ತು. ಬಿರುಗಾಳಿ ನಿಂತ ಮೇಲೂ ಸಾವು ನಿಲ್ಲಲಿಲ್ಲ. ಬಿದ್ದ ಮರ ತೆರವು ಮಾಡೋಕೆ ಹೋದವರೂ ಸತ್ತರು. ಯಾಕೆ ಅಂತ ಮೆಕ್ಯಾನಿಕ್ಸ್ ಓದೋ ನಮಗೆ ಅರ್ಥ ಆಗಬೇಕು. ಒಂದರ ಮೇಲೊಂದು ಬಿದ್ದು ಬಾಗಿದ ಕಾಂಡ ಅಂದ್ರೆ ಎಳೆದು ಹಿಡಿದ ಬಿಲ್ಲು. ತಪ್ಪು ಜಾಗದಲ್ಲಿ ಕೊಯ್ದರೆ ಅದು ಸಿಡಿಯುತ್ತೆ. ಬೆಂಡಿಂಗ್ ಸ್ಟ್ರೆಸ್ ನಮಗೆ ಪರೀಕ್ಷೆಯ ಹತ್ತು ಮಾರ್ಕು, ಅಲ್ಲಿ ಅದು ಒಬ್ಬನ ಎದೆಗೆ ಬಡಿಯುತ್ತೆ. ಇಂಥ ಕಡೆ ಮನುಷ್ಯ 10 ಮೀಟರ್ ದೂರದಲ್ಲಿ, ಉಕ್ಕಿನ ಕ್ಯಾಬಿನ್‌ನಲ್ಲಿ ಕೂತಿರೋದೇ ಹಾರ್ವೆಸ್ಟರ್‌ನ ದೊಡ್ಡ ಲಾಭ.

ಆ ಕ್ಯಾಬಿನ್ ಗಾಡಿ ಮಗುಚಿದರೂ, ಮೇಲೆ ಮರ ಬಿದ್ದರೂ ಒಳಗಿನವನನ್ನು ಕಾಪಾಡೋ ಹಾಗೆ ಇರಬೇಕು. ಕಿಟಕಿ ಮಾಮೂಲಿ ಗಾಜಲ್ಲ, ದಪ್ಪ ಪಾಲಿಕಾರ್ಬೊನೇಟ್. ಅಷ್ಟು ವೇಗದಲ್ಲಿ ಓಡೋ ಗರಗಸದ ಚೈನ್ ತುಂಡಾದರೆ ಅದರ ಚೂರು ಗುಂಡಿನ ಹಾಗೆ ಹಾರುತ್ತೆ. ಅದಕ್ಕೆ ಚೈನ್ ಶಾಟ್ ಅಂತ ಹೆಸರೇ ಇದೆ. ಹಾಗಾಗಿ ಹೊರಗೆ ನಿಂತು ರೀಲ್ಸ್ ಮಾಡೋರಿಗೆ ಒಂದು ಮಾತು: ಗರಗಸದ ಪಟ್ಟಿ ಯಾವ ಕಡೆ ತೋರಿಸ್ತಿದೆಯೋ ಆ ನೇರದಲ್ಲಿ ಯಾವತ್ತೂ ನಿಲ್ಲಬೇಡಿ.

ಹಾಗಂತ ಕ್ಯಾಬಿನ್ ಬಂದಿದ್ದರಿಂದ ಎಲ್ಲ ಸರಿಹೋಯ್ತು ಅಂತಲ್ಲ. ದಿನವಿಡೀ ಜಾಯ್‌ಸ್ಟಿಕ್ ಹಿಡಿದು ಕೂತವರಿಗೆ ಕತ್ತು, ಭುಜದ ನೋವು ಬಂತು. ಹಲವರ ಕೆಲಸವನ್ನು ಒಂದು ಯಂತ್ರ ಮಾಡಿದಾಗ ಉಳಿದವರ ಕೆಲಸ ಹೋಯ್ತು. ಯಾರ್ಡರ್ ಕೆಳಗೆ ಇಳಿಜಾರಲ್ಲಿ ನಿಂತು ದಿಮ್ಮಿಗೆ ಹಗ್ಗ ಬಿಗಿಯೋಕೆ ಇನ್ನೂ ಎಷ್ಟೋ ಕಡೆ ಮನುಷ್ಯನೇ ಬೇಕು. ಮತ್ತೆ, ಯಾವ ಕಾಡು ಕಡಿಯಬೇಕು, ಯಾವುದನ್ನು ಬಿಡಬೇಕು ಅಂತ ಯಾವ ಯಂತ್ರವೂ ಹೇಳಲ್ಲ. ಅದು ನಾವೇ ತೀರ್ಮಾನ ಮಾಡಬೇಕಾದದ್ದು.

ಆದರೂ ಮುಂದಿನ ಸಲ ಇಂಥ ವಿಡಿಯೋ ಬಂದಾಗ ಜೆಸಿಬಿ ಅನ್ನೋ ಮೊದಲು ಆ ಮೂರು ಪ್ರಶ್ನೆ ಕೇಳ್ಕೊಳ್ಳಿ. ಆಮೇಲೆ ಅಜ್ಜನ ನಾಲ್ಕನೇ ಪ್ರಶ್ನೆಯನ್ನೂ ಸೇರಿಸ್ಕೊಳ್ಳಿ. ನಾಳೆ ನಾವೇ ಯಾವುದಾದರೂ ಯಂತ್ರ ಡಿಸೈನ್ ಮಾಡೋಕೆ ಕೂತಾಗ ಮೊದಲು ಕೇಳಬೇಕಾದದ್ದು ಬಹುಶಃ ಅದೇ.

ರೂಮ್‌ಮೇಟ್ ಇದನ್ನೆಲ್ಲ ಫೋನಲ್ಲಿ ವಿವರಿಸಿದಾಗ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಆಮೇಲೆ, "ಹಂಗಾದ್ರೆ ಅವನ ಕಾಲು ಉಳೀತದೆ ಬಿಡು" ಅಂದರಂತೆ.