ಮೂಟೆ ಕಟ್ಟಿದ ಮೇಲೆ ಒಳಗೊಮ್ಮೆ ನೋಡಿ: ಕಮಾಂಡ್ ಲೈನ್‌ನಲ್ಲಿ ಟಾರ್, ಜಿಝಿಪ್, ಝಿಪ್

ಇವತ್ತಿನ ವಿಷಯ ಒಬ್ಬ ಕೇಳುಗರ ಪ್ರಶ್ನೆಯಿಂದ ಬಂದಿದ್ದು. “ಫೋನಲ್ಲಿ ಜಾಗ ಇಲ್ಲ. ಮೂರು ವರ್ಷದ ಡಿಗ್ರಿ ನೋಟ್ಸ್ ಒಂದೇ ಫೋಲ್ಡರ್‌ನಲ್ಲಿದೆ. ಅದನ್ನ ಝಿಪ್ ಮಾಡಿ, ಮೂಲ ಫೋಲ್ಡರ್ ಡಿಲೀಟ್ ಮಾಡಿದ್ರೆ ನಡೆಯುತ್ತಾ?” ಅಂತ ಕೇಳಿದ್ದಾರೆ. ನಡೆಯುತ್ತೆ. ಆದ್ರೆ ಝಿಪ್ ಮಾಡೋದಕ್ಕೂ ಡಿಲೀಟ್ ಮಾಡೋದಕ್ಕೂ ನಡುವೆ ಇನ್ನೊಂದು ಕೆಲಸ ಇದೆ. ಕಟ್ಟಿದ ಮೂಟೆಯೊಳಗೆ ಸಾಮಾನು ನಿಜವಾಗ್ಲೂ ಇದೆಯಾ ಅಂತ ನೋಡೋದು. ಆ ಕೆಲಸಕ್ಕೆ ಕಮಾಂಡ್ ಲೈನ್ ತುಂಬಾ ಒಳ್ಳೆಯ ಜಾಗ. ಅಲ್ಲಿ ಏನು ಒಳಗೆ ಹೋಯ್ತು, ಏನು ಹೋಗಲಿಲ್ಲ ಅನ್ನೋದನ್ನ ನಾವೇ ಕೇಳಿ ತಿಳ್ಕೋಬಹುದು.

ಕಮಾಂಡ್ ಲೈನ್‌ಗೆ ಲ್ಯಾಪ್‌ಟಾಪೇ ಬೇಕು ಅಂತಿಲ್ಲ. ಆಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ ಅನ್ನೋ ಉಚಿತ ಆ್ಯಪ್ ಇದೆ. ತೆರೆದರೆ ಕಪ್ಪು ಪರದೆ, ಕೆಳಗೆ ಕೀಬೋರ್ಡ್. ಮೊದಲು ‘ಟರ್ಮಕ್ಸ್-ಸೆಟಪ್-ಸ್ಟೋರೇಜ್’ ಅಂತ ಟೈಪ್ ಮಾಡಿ ಅನುಮತಿ ಕೊಟ್ರೆ ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ಅದರ ಕೈಗೆ ಸಿಗುತ್ತೆ. ಆಮೇಲೆ ‘ಪಿಕೆಜಿ ಇನ್‌ಸ್ಟಾಲ್ ಝಿಪ್ ಅನ್‌ಝಿಪ್’ ಅಂದ್ರೆ ಬೇಕಾದ ಉಪಕರಣಗಳು ಬರ್ತವೆ.

ಟ್ರಾನ್ಸ್‌ಕ್ರಿಪ್ಟ್ ಓದ್ತಿರೋರಿಗೆ ಒಂದು ಮಾತು: ಕಮಾಂಡ್‌ಗಳನ್ನ ಇಲ್ಲಿ ಕನ್ನಡದಲ್ಲೇ ಬರೆದಿದ್ದೀವಿ. ಟೈಪ್ ಮಾಡೋವಾಗ ಇಂಗ್ಲಿಷ್‌ನ ಸಣ್ಣಕ್ಷರ ಬಳಸಿ. ಫೋಲ್ಡರ್ ಹೆಸರು ಮಾತ್ರ ಕನ್ನಡದಲ್ಲೇ ಇದ್ರೂ ತೊಂದರೆ ಇಲ್ಲ.

ಕಟ್ಟೋದು ಬೇರೆ, ಹಿಂಡೋದು ಬೇರೆ

ನಾವು ‘ಝಿಪ್ ಮಾಡು’ ಅಂತ ಒಂದೇ ಮಾತಲ್ಲಿ ಹೇಳಿಬಿಡ್ತೀವಿ. ಅದರೊಳಗೆ ಎರಡು ಕೆಲಸ ಇದೆ. ಮೊದಲನೆಯದು ನೂರಾರು ಫೈಲ್‌ಗಳನ್ನ ಒಂದೇ ಮೂಟೆ ಕಟ್ಟೋದು. ಎರಡನೆಯದು ಗಾತ್ರ ಕಡಿಮೆ ಮಾಡೋದು. ಹಳೆಯ ಯುನಿಕ್ಸ್ ಪ್ರಪಂಚದಲ್ಲಿ ಈ ಎರಡಕ್ಕೂ ಬೇರೆ ಬೇರೆ ಪ್ರೋಗ್ರಾಂ ಇವೆ.

ಕಟ್ಟೋದು ಟಾರ್. ಟಿ, ಎ, ಆರ್. ‘ಟೇಪ್ ಆರ್ಕೈವ್’ ಅನ್ನೋದರ ಚಿಕ್ಕ ರೂಪ. 1979ರಲ್ಲಿ ಬಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲಿ ಇದು ಇತ್ತು. ಆಗ ಫೈಲ್‌ಗಳ ಪ್ರತಿಯನ್ನ ಮ್ಯಾಗ್ನೆಟಿಕ್ ಟೇಪಿನ ಸುರುಳಿಗೆ ಬರೀತಿದ್ರು. ಟೇಪಲ್ಲಿ ಒಂದರ ಹಿಂದೆ ಒಂದು ಅಂತ ಸಾಲಾಗಿ ಬರೆಯೋದೇ ಸುಲಭ. ಟಾರ್ ಇವತ್ತಿಗೂ ಹಾಗೇ ಮಾಡುತ್ತೆ: ಒಂದು ಫೈಲಿನ ಹೆಸರು, ಗಾತ್ರ, ಆಮೇಲೆ ಅದರ ಒಳಗಿನದು. ಮುಂದಿನ ಫೈಲು, ಮತ್ತೆ ಹಾಗೇ. ಗಾತ್ರ ಒಂದು ಚೂರೂ ಇಳಿಯಲ್ಲ.

ಹಿಂಡೋದು ಜಿಝಿಪ್. ಜಾನ್-ಲೂ ಗೈಲಿ ಮತ್ತು ಮಾರ್ಕ್ ಆ್ಯಡ್ಲರ್ ಬರೆದ ಈ ಪ್ರೋಗ್ರಾಂ 1992ರಲ್ಲಿ ಬಂತು. ಒಂದು ಫೈಲ್ ಕೊಟ್ರೆ ಅದನ್ನ ಚಿಕ್ಕದು ಮಾಡುತ್ತೆ, ಅಷ್ಟೇ. ಅದಕ್ಕೇ ಹೆಸರಿನ ಕೊನೆಗೆ ‘.ಟಾರ್.ಜಿಝಡ್’ ಅಂತ ಎರಡು ಬಾಲ ಇರೋದು. ಮೊದಲು ಟಾರ್ ಕಟ್ಟಿದೆ, ಆಮೇಲೆ ಜಿಝಿಪ್ ಹಿಂಡಿದೆ ಅಂತ ಅರ್ಥ. ಫಿಲ್ ಕಾಟ್ಜ್ 1989ರಲ್ಲಿ ತಂದ ಝಿಪ್ ಮಾತ್ರ ಎರಡೂ ಕೆಲಸವನ್ನ ಒಂದೇ ಕಡೆ ಮಾಡುತ್ತೆ.

ಹಿಂಡಿದಾಗ ಕಡಿಮೆ ಆಗೋದು ಏನು?

ಮಾಹಿತಿ ಏನೂ ಕಳೆದುಹೋಗಲ್ಲ, ಹೆದರಬೇಡಿ. ಪುನರಾವರ್ತನೆ ಮಾತ್ರ ಹೋಗುತ್ತೆ. ಈ ಉಪಾಯ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ 1977ರಲ್ಲಿ ಪ್ರಕಟಿಸಿದ್ದು. ನಿಮ್ಮ ನೋಟ್ಸಲ್ಲಿ ‘ಕರ್ನಾಟಕ’ ಅನ್ನೋ ಪದ ಒಂದ್ಸಲ ಬಂತು ಅಂತಿಟ್ಕೊಳ್ಳಿ. ಎರಡನೇ ಸಲ ಬಂದಾಗ ಇಡೀ ಪದ ಮತ್ತೆ ಬರೆಯೋದಿಲ್ಲ. “300 ಬೈಟ್ ಹಿಂದಕ್ಕೆ ಹೋಗಿ ಅಲ್ಲಿಂದ 21 ಬೈಟ್ ತಗೋ” ಅಂತ ಒಂದು ಚಿಕ್ಕ ಸೂಚನೆ ಇಡುತ್ತೆ. ಬಿಚ್ಚೋವಾಗ ಆ ಸೂಚನೆ ಪಾಲಿಸಿದರೆ ಮೂಲ ಅಕ್ಷರ ಅಕ್ಷರವೂ ವಾಪಸ್ ಸಿಗುತ್ತೆ.

21 ಯಾಕೆ ಅಂದ್ರಾ? ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ‘ಕರ್ನಾಟಕ’ ಪದದಲ್ಲಿ ವಿರಾಮ ಚಿಹ್ನೆ, ದೀರ್ಘ ಎಲ್ಲ ಸೇರಿ 7 ಚಿಹ್ನೆ, ಹಾಗಾಗಿ 21 ಬೈಟ್. ಕನ್ನಡ ದುಬಾರಿ ಅಂತ ಅನ್ನಿಸಬಹುದು. ಆದ್ರೆ ಆ ಮೂರರಲ್ಲಿ ಮೊದಲ ಬೈಟ್ ಎಲ್ಲ ಕನ್ನಡ ಚಿಹ್ನೆಗೂ ಒಂದೇ. ಎರಡನೆಯದಕ್ಕೆ ಇರೋದು ಎರಡೇ ಆಯ್ಕೆ. ಅಂದ್ರೆ ಕನ್ನಡ ಪಠ್ಯದ ಫೈಲಲ್ಲಿ ಪುನರಾವರ್ತನೆ ತುಂಬಿ ತುಳುಕುತ್ತೆ, ಅದಕ್ಕೇ ಅದು ಚೆನ್ನಾಗಿ ಕುಗ್ಗುತ್ತೆ.

ಫೋಟೋ, ವಿಡಿಯೋ, ಎಂಪಿ3 ಕಥೆ ಬೇರೆ. ಅವು ಈಗಾಗಲೇ ಹಿಂಡಿದ ಬಟ್ಟೆ. ಮತ್ತೆ ಹಿಂಡಿದ್ರೆ ನೀರು ಬರಲ್ಲ. ವರ್ಡ್‌ನ ಡಾಕ್ಸ್ ಫೈಲು, ಆಂಡ್ರಾಯ್ಡ್‌ನ ಎಪಿಕೆ ಫೈಲು ಒಳಗೊಳಗೆ ಝಿಪ್ಪೇ. ಆದ್ದರಿಂದ ನಿಮ್ಮ ‘ನೋಟ್ಸ್’ ಅಂದ್ರೆ ಬೋರ್ಡಿನ ಫೋಟೋಗಳೇ ಆಗಿದ್ರೆ, ಝಿಪ್ ಮಾಡಿದ್ರೆ ಕಳಿಸೋಕೆ ಒಂದೇ ಫೈಲ್ ಆಗುತ್ತೆ ನಿಜ, ಜಾಗ ಮಾತ್ರ ಉಳಿಯಲ್ಲ.

ಕಟ್ಟೋ ಕಮಾಂಡ್

ಮೊದಲು ‘ಸಿಡಿ ಸ್ಟೋರೇಜ್/ಡೌನ್‌ಲೋಡ್ಸ್’ ಅಂತ ಕೊಟ್ಟು ಫೋಲ್ಡರ್ ಇರೋ ಜಾಗಕ್ಕೆ ಹೋಗಿ. ಆಮೇಲೆ:

ಟಾರ್ -ಸಿಝಡ್‌ಎಫ್ ನೋಟ್ಸ್.ಟಾರ್.ಜಿಝಡ್ ನೋಟ್ಸ್

‘ಸಿ’ ಅಂದ್ರೆ ಕ್ರಿಯೇಟ್, ಹೊಸದಾಗಿ ಕಟ್ಟು. ‘ಝಡ್’ ಅಂದ್ರೆ ಜಿಝಿಪ್‌ನಿಂದ ಹಿಂಡು. ‘ಎಫ್’ ಅಂದ್ರೆ ಫೈಲ್, ಮೂಟೆಯ ಹೆಸರು ಇದರ ಪಕ್ಕದಲ್ಲೇ ಬರುತ್ತೆ. ಕೊನೆಯಲ್ಲಿ ಕಟ್ಟಬೇಕಾದ ಫೋಲ್ಡರ್.

ಈ ‘ಎಫ್’ ಮೇಲೆ ಒಂದು ಕಣ್ಣಿರಲಿ. ಅದು ಯಾವಾಗಲೂ ಅಕ್ಷರಗಳ ಕೊನೆಯಲ್ಲಿರಬೇಕು. ‘-ಸಿಎಫ್‌ಝಡ್’ ಅಂತ ಬರೆದರೆ ಟಾರ್ ‘ಝಡ್’ ಅನ್ನೋ ಹೆಸರಿನ ಮೂಟೆ ಮಾಡೋಕೆ ಹೊರಡುತ್ತೆ. ಇನ್ನೂ ಅಪಾಯದ್ದು ಮೂಟೆಯ ಹೆಸರು ಹಾಕೋದೇ ಮರೆಯೋದು. ‘-ಸಿಝಡ್‌ಎಫ್’ ಆದ ಮೇಲೆ ನೇರವಾಗಿ ಎರಡು ಫೈಲ್‌ಗಳ ಹೆಸರು ಕೊಟ್ರೆ, ಮೊದಲನೆಯದನ್ನೇ ಮೂಟೆ ಅಂದ್ಕೊಂಡು ಅದರ ಮೇಲೇ ಬರೆದುಬಿಡುತ್ತೆ. “ಆಗಬಹುದಾ?” ಅಂತ ಒಂದು ಮಾತೂ ಕೇಳಲ್ಲ. ಆ ಫೈಲ್ ಹೋಯ್ತು. ಎಂಟರ್ ಒತ್ತೋ ಮೊದಲು ‘ಎಫ್’ ಪಕ್ಕದಲ್ಲಿ ಹೊಸ ಹೆಸರೇ ಇದೆಯಾ ಅಂತ ನೋಡ್ಕೊಳ್ಳಿ.

ಝಿಪ್‌ನಲ್ಲಿ ಇದೇ ಕೆಲಸ ಹೀಗೆ:

ಝಿಪ್ -ಆರ್ ನೋಟ್ಸ್.ಝಿಪ್ ನೋಟ್ಸ್

‘ಆರ್’ ಅಂದ್ರೆ ಫೋಲ್ಡರ್ ಒಳಗಿನದ್ದು, ಅದರೊಳಗಿನ ಫೋಲ್ಡರ್‌ಗಳಲ್ಲಿ ಇರೋದು, ಎಲ್ಲ ಸೇರಿಸು ಅಂತ. ಇದನ್ನ ಬಿಟ್ರೆ ಝಿಪ್ ಫೈಲ್ ಆಗುತ್ತೆ, ಆದ್ರೆ ಒಳಗೆ ‘ನೋಟ್ಸ್’ ಅನ್ನೋ ಖಾಲಿ ಫೋಲ್ಡರ್ ಮಾತ್ರ. ಇಂಥ ಖಾಲಿ ಝಿಪ್ ನಂಬಿ ಮೂಲ ಅಳಿಸಿದ್ರೆ ಮೂರು ವರ್ಷ ಹೋದ ಹಾಗೆ.

ಜಿಝಿಪ್ ಅನ್ನ ಒಂಟಿಯಾಗಿ ಬಳಸೋರಿಗೂ ಒಂದು ಮಾತು. ‘ಜಿಝಿಪ್ ಪಾಠ.ಟಿಎಕ್ಸ್‌ಟಿ’ ಅಂದ್ರೆ ಹೊಸ ಫೈಲ್ ಮಾಡಿ ಹಳೆಯದನ್ನ ತಾನೇ ತೆಗೆದುಬಿಡುತ್ತೆ. ಮೂಲ ಉಳೀಬೇಕು ಅಂದ್ರೆ ‘-ಕೆ’ ಸೇರಿಸಿ. ಕೀಪ್ ಅಂತ ಅರ್ಥ.

ಅಳಿಸೋ ಮೊದಲು

ಈಗ ಆ ನಡುವಿನ ಕೆಲಸಕ್ಕೆ ಬರೋಣ. ಇದಕ್ಕೆ ಎರಡು ನಿಮಿಷ ಸಾಕು.

ಮೊದಲು ಪಟ್ಟಿ ನೋಡಿ. ‘ಟಾರ್ -ಟಿಝಡ್‌ಎಫ್ ನೋಟ್ಸ್.ಟಾರ್.ಜಿಝಡ್’ ಅಂದ್ರೆ ಒಳಗಿರೋ ಎಲ್ಲ ಹೆಸರು ಬರ್ತವೆ. ಏನನ್ನೂ ಬಿಚ್ಚಲ್ಲ. ಝಿಪ್‌ಗೆ ‘ಅನ್‌ಝಿಪ್ -ಎಲ್’.

ಆಮೇಲೆ ಹೋಲಿಸಿ. ಹೆಸರಿದ್ದ ಮಾತ್ರಕ್ಕೆ ಒಳಗಿನದು ಸರಿಯಿದೆ ಅಂತಲ್ಲ. ‘ಟಾರ್ -ಡಿಝಡ್‌ಎಫ್ ನೋಟ್ಸ್.ಟಾರ್.ಜಿಝಡ್’ ಅಂತ ಕೊಟ್ರೆ ಮೂಟೆಯಲ್ಲಿರೋದನ್ನೂ ಫೋಲ್ಡರ್‌ನಲ್ಲಿರೋದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೆ. ಏನೂ ಹೇಳದೆ ಸುಮ್ಮನಾದ್ರೆ ವ್ಯತ್ಯಾಸ ಇಲ್ಲ ಅಂತ. ಟರ್ಮಕ್ಸ್ ಮತ್ತು ಲಿನಕ್ಸ್‌ನಲ್ಲಿರೋ ಜಿಎನ್‌ಯು ಟಾರ್‌ನಲ್ಲಿ ಇದು ಕೆಲಸ ಮಾಡುತ್ತೆ. ಝಿಪ್‌ಗೆ ‘ಅನ್‌ಝಿಪ್ -ಟಿ’ ಇದೆ. ಅದು ಪ್ರತಿ ಫೈಲನ್ನೂ ಬಿಚ್ಚಿ ಓದಿ, ಹಾಳಾಗಿದೆಯಾ ಅಂತ ಪರೀಕ್ಷೆ ಮಾಡುತ್ತೆ. ಮೂಲದ ಜೊತೆ ಹೋಲಿಸಲ್ಲ.

ಮೂರನೆಯದು, ಇನ್ನೊಂದು ಕಡೆ ಪ್ರತಿ ಇಡಿ. ಫೋನೇ ಕಳೆದುಹೋದ್ರೆ ಅದರೊಳಗಿನ ಮೂಟೆ ಎಷ್ಟು ಗಟ್ಟಿಯಾಗಿದ್ದು ಏನು ಪ್ರಯೋಜನ? ಪೆನ್‌ಡ್ರೈವ್‌ಗೋ ಗೆಳೆಯರ ಲ್ಯಾಪ್‌ಟಾಪ್‌ಗೋ ಹಾಕಿ. ಪ್ರತಿ ಸರಿಯಾಗಿ ಹೋಗಿದೆಯಾ ತಿಳಿಯೋಕೆ ಎರಡೂ ಕಡೆ ‘ಎಸ್‌ಎಚ್‌ಎ256ಸಮ್’ ಕಮಾಂಡ್ ಕೊಡಿ. 64 ಅಕ್ಷರದ ಒಂದು ಗುರುತು ಬರುತ್ತೆ. ಎರಡೂ ಒಂದೇ ಆಗಿದ್ರೆ ಪ್ರತಿ ಸರಿಯಾಗಿದೆ.

ಬಿಚ್ಚೋವಾಗ

ಬೇರೆಯವರು ಕಳಿಸಿದ ಮೂಟೆಯಾದ್ರೆ ಇಲ್ಲೂ ಮೊದಲು ಪಟ್ಟಿ ನೋಡಿ. ಕೆಲವರು ಫೋಲ್ಡರ್ ಇಲ್ಲದೆ ಬಿಡಿ ಫೈಲ್‌ಗಳನ್ನೇ ಕಟ್ಟಿರ್ತಾರೆ. ಬಿಚ್ಚಿದ ತಕ್ಷಣ ಎಲ್ಲ ನಿಮ್ಮ ಡೌನ್‌ಲೋಡ್ಸ್ ತುಂಬ ಚೆಲ್ಲಿಹೋಗುತ್ತೆ. ಅದೇ ಹೆಸರಿನ ಫೈಲ್ ಅಲ್ಲಿ ಮೊದಲೇ ಇದ್ರೆ ಅನ್‌ಝಿಪ್ ನಿಮ್ಮನ್ನ ಕೇಳುತ್ತೆ. ಟಾರ್ ಕೇಳಲ್ಲ, ಹಳೆಯದರ ಜಾಗದಲ್ಲಿ ಹೊಸದನ್ನ ಕೂರಿಸುತ್ತೆ. ಅದಕ್ಕೆ ಒಂದು ಹೊಸ ಫೋಲ್ಡರ್ ಮಾಡಿ ಅಲ್ಲೇ ಬಿಚ್ಚಿ:

ಎಂಕೆಡಿಐಆರ್ ಹೊಸದು
ಟಾರ್ -ಎಕ್ಸ್‌ಎಫ್ ನೋಟ್ಸ್.ಟಾರ್.ಜಿಝಡ್ -ಸಿ ಹೊಸದು

‘ಎಕ್ಸ್’ ಅಂದ್ರೆ ಎಕ್ಸ್‌ಟ್ರಾಕ್ಟ್. ಇಲ್ಲಿನ ‘ಸಿ’ ಮಾತ್ರ ದೊಡ್ಡಕ್ಷರ, ಆ ಫೋಲ್ಡರ್‌ಗೆ ಹೋಗಿ ಬಿಚ್ಚು ಅಂತ. ‘ಝಡ್’ ಬೇಕಿಲ್ಲ, ಹೇಗೆ ಹಿಂಡಿದ್ದಾರೆ ಅನ್ನೋದನ್ನ ಬಿಚ್ಚೋವಾಗ ಟಾರ್ ತಾನೇ ಗುರುತಿಸುತ್ತೆ. ಝಿಪ್‌ಗೆ ‘ಅನ್‌ಝಿಪ್ ನೋಟ್ಸ್.ಝಿಪ್ -ಡಿ ಹೊಸದು’, ಇಲ್ಲಿ ‘ಡಿ’ ಸಣ್ಣಕ್ಷರವೇ.

ಡೌನ್‌ಲೋಡ್ ಅರ್ಧಕ್ಕೆ ನಿಂತ ಝಿಪ್ ಯಾಕೆ ತೆರೆಯೋದೇ ಇಲ್ಲ ಅಂತ ಕೆಲವರು ಕೇಳ್ತಾರೆ. ಝಿಪ್ ತನ್ನ ಸೂಚಿಯನ್ನ ಫೈಲಿನ ತೀರಾ ಕೊನೆಯಲ್ಲಿ ಇಡುತ್ತೆ. ಕೊನೆ ಬಂದಿಲ್ಲ ಅಂದ್ರೆ ಸೂಚಿಯೂ ಇಲ್ಲ. ಅನ್‌ಝಿಪ್‌ಗೆ ದಾರಿ ಗೊತ್ತಾಗಲ್ಲ. ಟಾರ್.ಜಿಝಡ್ ಮೊದಲಿಂದ ಸಾಲಾಗಿ ಇರೋದರಿಂದ, ಎಲ್ಲಿವರೆಗೆ ಬಂದಿದೆಯೋ ಅಲ್ಲಿವರೆಗಿನ ಫೈಲ್‌ಗಳು ಸಾಮಾನ್ಯವಾಗಿ ಸಿಗ್ತವೆ.

ಕನ್ನಡದಲ್ಲಿ ಫೈಲ್ ಹೆಸರು ಇಡೋರಿಗೆ ಕೊನೆಯದಾಗಿ ಒಂದು ವಿಷಯ. ಝಿಪ್ ಹುಟ್ಟಿದಾಗ ಅದರಲ್ಲಿ ಹೆಸರು ಬರೆಯೋಕೆ ಇದ್ದದ್ದು ಹಳೆಯ ಐಬಿಎಂ ಪಿಸಿಯ ಅಕ್ಷರಗಳು, ಕನ್ನಡಕ್ಕೆ ಜಾಗ ಇರಲಿಲ್ಲ. ಯುಟಿಎಫ್-8ನಲ್ಲಿ ಹೆಸರು ಬರೆಯೋ ವ್ಯವಸ್ಥೆ ಅದರ ನಿಯಮಕ್ಕೆ ಸೇರಿದ್ದು 2006ರಲ್ಲಿ. ಹಳೆಯ ಸಾಫ್ಟ್‌ವೇರ್‌ನಲ್ಲಿ ‘ಇತಿಹಾಸ’ ಅನ್ನೋ ಫೈಲ್ ವಿಚಿತ್ರ ಗೀಟುಗಳಾಗಿ ಕಂಡ್ರೆ ಕಾರಣ ಇದೇ. ಒಳಗಿನ ಪಠ್ಯಕ್ಕೆ ಏನೂ ಆಗಿರಲ್ಲ, ಹೊಸ ಆವೃತ್ತಿಯಲ್ಲಿ ತೆರೆದು ನೋಡಿ.

ಅಭ್ಯಾಸಕ್ಕೆ ಅಂತ ಹೋಗಿ ಹೋಗಿ ಮುಖ್ಯವಾದ ಫೋಲ್ಡರ್ ಮೇಲೆ ಕೈ ಹಾಕಬೇಡಿ. ನಾಲ್ಕು ಸಾಲಿನ ಎರಡು ಫೈಲ್ ಮಾಡಿ. ಕಟ್ಟಿ, ಪಟ್ಟಿ ನೋಡಿ, ಹೋಲಿಸಿ, ಬೇರೆ ಕಡೆ ಬಿಚ್ಚಿ. ನಾಲ್ಕೂ ಕೈಗೆ ಕೂತ ಮೇಲೆ ನಿಜವಾದ ಫೋಲ್ಡರ್‌ಗೆ ಬನ್ನಿ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಪರದೆ ಮೇಲೆ ಬಂದ ಎರರ್ ಅನ್ನ ಇದ್ದ ಹಾಗೇ ನನಗೆ ಬರೆದು ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಬಿಡಿಸೋಣ.