ಹೋಮರನನ್ನು ಹುಡುಕುತ್ತ ಕಟುಕನ ಊರಿಗೆ

ಹೋಮರ್ ಒಬ್ಬನೋ, ಹಲವರೋ? ಬರೆದನೋ, ಹಾಡಿದನೋ? ಯುರೋಪಿನ ಪಂಡಿತರು ಪುಸ್ತಕದ ರಾಶಿಯ ನಡುವೆ ಕೂತೇ ತಲೆಮಾರುಗಟ್ಟಲೆ ಈ ಜಗಳವಾಡಿದರು. ಎದ್ದು ಹೋಗಿ ಹಾಡುವವರನ್ನೇ ಕೇಳಿಬರೋಣವೆಂದು ಹೊರಟವನು ಅಮೆರಿಕದ ಮಿಲ್ಮನ್ ಪ್ಯಾರಿ.

1928ರಲ್ಲಿ ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್ ಪಡೆದಾಗಲೇ ಅವನ ಕಣ್ಣಿಗೆ ಒಂದು ವಿಚಿತ್ರ ಬಿದ್ದಿತ್ತು. ಮುನಿಸಿಕೊಂಡು ಹಡಗಿನ ಪಕ್ಕ ಸುಮ್ಮನೆ ಕೂತ ಇಲಿಯಡ್ಡಿನ ವೀರ ಅಕಿಲೀಸನೂ ಹೋಮರನಿಗೆ ‘ಚುರುಕು ಕಾಲಿನವನು’. ಅರ್ಥಕ್ಕಲ್ಲ, ಸಾಲಿನ ಅಳತೆ ತುಂಬಲು! ಇಂಥ ಸಿದ್ಧ ನುಡಿಗಟ್ಟುಗಳು ಒಬ್ಬ ಕವಿಯ ಸೊತ್ತಲ್ಲ, ಹಾಡುಗಾರರ ಬಾಯಿಂದ ಬಾಯಿಗೆ ದಾಟಿ ಬಂದವು ಎಂಬ ಕಡೆಗೆ ಅವನ ವಿಚಾರ ಹರಿಯಿತು.

1933ರಲ್ಲೊಮ್ಮೆ, 1934–35ರಲ್ಲಿ ಮತ್ತೊಮ್ಮೆ ಅವನು ಯುಗೊಸ್ಲಾವಿಯಕ್ಕೆ ಹೋದ. ಒಂದೇ ತಂತಿಯ ಗುಸ್ಲೆ ನುಡಿಸುತ್ತ ವೀರಗಾಥೆ ಹಾಡುವವರು ಅಲ್ಲಿ ಇನ್ನೂ ಇದ್ದರು. ತೊಂದರೆ ಇದ್ದದ್ದು ಧ್ವನಿಮುದ್ರಣದಲ್ಲಿ. ಅಲ್ಯೂಮಿನಿಯಂ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುವುದು ನಾಲ್ಕು ನಿಮಿಷದ ಹಾಡು. ಹಾಡುಗಾರನೋ ಗಂಟೆಗಟ್ಟಲೆ ಹಾಡುವವನು. ಪ್ಯಾರಿ ಎರಡು ತಟ್ಟೆ ತಿರುಗುವ ಯಂತ್ರ ಮಾಡಿಸಿಕೊಂಡ. ಒಂದು ತುಂಬುತ್ತಿದ್ದಂತೆ ಸ್ವಿಚ್ ಒತ್ತಿದರೆ ಇನ್ನೊಂದು ಶುರು. ಯಾವ ಸಿದ್ಧಾಂತಕ್ಕಿಂತಲೂ ಮೌಖಿಕ ಕಾವ್ಯದ ಅಧ್ಯಯನ ಆ ಸ್ವಿಚ್ಚಿಗೇ ಹೆಚ್ಚು ಋಣಿ ಎಂದು ನನಗೆ ಅನಿಸುತ್ತದೆ. 3,500ಕ್ಕೂ ಹೆಚ್ಚು ತಟ್ಟೆಗಳು ಹಾರ್ವರ್ಡ್ ಸೇರಿದವು.

ಆ ಹಾಡುಗಾರರಲ್ಲೊಬ್ಬ, ಬಿಯೆಲೊ ಪೋಲ್ಯೆ ಊರಿನ ಅವ್ದೊ ಮೆಜೆದೋವಿಚ್, ಕಸುಬಿನಲ್ಲಿ ಕಟುಕ. ಓದುಬರಹ ಬಾರದು. ಅವನೆಂದೂ ಕೇಳಿರದ 2,294 ಸಾಲಿನ ಕತೆಯೊಂದನ್ನು ಪ್ಯಾರಿ ಇನ್ನೊಬ್ಬನಿಂದ ಅವನೆದುರೇ ಹಾಡಿಸಿದ. ಮುಗಿದ ಮೇಲೆ, ‘ಈಗ ನೀನು ಹಾಡಬಲ್ಲೆಯಾ?’ ಎಂದು ಕೇಳಿದ. ಅವ್ದೊ ಅದನ್ನೇ 6,313 ಸಾಲಿಗೆ ಬೆಳೆಸಿ ಹಾಡಿದ. ಕುದುರೆ, ಉಡುಗೆ, ಒಡಲ ಸಂಕಟ ಎಲ್ಲವೂ ಹೊಸದಾಗಿ ಬಂದು ಸೇರಿದವು. ಬಾಯಿಪಾಠ ಒಪ್ಪಿಸುವವನಿಗೆ ಇದು ಆಗದು. ಹಾಡುತ್ತ ಹಾಡುತ್ತಲೇ ಕಟ್ಟುವವನಿಗೆ ಮಾತ್ರ ಸಾಧ್ಯ. ಅವನು ಹೇಳಿ ಬರೆಸಿದ ಇನ್ನೊಂದು ಕಾವ್ಯವಂತೂ 12,311 ಸಾಲಿನದು.

ಅದೇ 1935ರ ಡಿಸೆಂಬರಿನಲ್ಲಿ ಗುಂಡು ತಗುಲಿ ಪ್ಯಾರಿ ತೀರಿಕೊಂಡ. ವಯಸ್ಸು 33. ಜೊತೆಗಿದ್ದ ಶಿಷ್ಯ ಆಲ್ಬರ್ಟ್ ಲಾರ್ಡ್ ಕೆಲಸ ಮುಂದುವರಿಸಿ 1960ರಲ್ಲಿ ‘ದಿ ಸಿಂಗರ್ ಆಫ್ ಟೇಲ್ಸ್’ ಪ್ರಕಟಿಸಿದ. ಆಮೇಲೆ ಹಾಡುಗಾರರನ್ನು ಹುಡುಕಿ ಹೊರಡುವುದು ಸಾಹಿತ್ಯ ವಿಭಾಗಗಳಿಗೂ ಮರ್ಯಾದೆಯ ಕೆಲಸವಾಯಿತು.

1990ರ ಡಿಸೆಂಬರಿನಲ್ಲಿ ಅಂಥದೊಂದು ತಂಡ ತುಳುನಾಡಿನಲ್ಲಿತ್ತು: ಫಿನ್ಲೆಂಡಿನ ಲೌರಿ ಹೊಂಕೊ, ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ. ತುಳು ಮೌಖಿಕ ಕಾವ್ಯದ ನಾಯಕಿ ಸಿರಿಯ ಕತೆಯನ್ನು ಹಾಡಿದವರು ಗೋಪಾಲ ನಾಯ್ಕರು. ದಾಖಲಾದದ್ದು 15,683 ಸಾಲು, ಇಲಿಯಡ್ಡಿಗಿಂತ ಹತ್ತೇ ಸಾಲು ಕಮ್ಮಿ. 1998ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾದಾಗ ಶೀರ್ಷಿಕೆಯೊಳಗೇ ಗೋಪಾಲ ನಾಯ್ಕರ ಹೆಸರಿತ್ತು.